ಸೊನ್ನೆ ಹಾಕದ ಹೆಳವಜ್ಜ

ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತ ಕೂತಿದ್ದೆ, ಜಾಲಹಳ್ಳಿಯಿಂದ ಫೋನು ಬಂತು. ಹೆಳವಜ್ಜನ ಮಗ. "ಯಕ್ಕಾ, ನಮ್ಮಪ್ಪ ಹೋದ್ನರೀ. ಸೋಮವಾರ ಮುಂಜಾನಿ ಚಾ ಕುಡದಾವ ಕುಂತಲ್ಲೇ ಒರಗಿದ" ಅಂದ. ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಅಜ್ಜನ ಕಾಲು. ಎರಡೂ ಪಾದದ ಹರಡಿನ ಮೇಲೆ ಹುಣಸೆಬೀಜದ ಹಾಗೆ ಕಪ್ಪಗೆ, ಗಟ್ಟಿಯಾಗಿ ಕೂತಿದ್ದ ಗಂಟುಗಳು. ಜೀವಮಾನವೆಲ್ಲ ಕಾಲು ಮಡಚಿ ಕೂತು ಕೂತು ಬಂದವು.

ಹೆಳವರು ಮನೆತನಗಳ ಮೂಲ ಹೇಳುವವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಒಕ್ಕಲುಗಳ ಮನೆಗೆ ಬರುತ್ತಾರೆ. ನಮ್ಮ ಮುತ್ಯಾನ ಮುತ್ಯಾ ಯಾವ ಊರು ಬಿಟ್ಟ, ಯಾವ ಹೊಳೆ ದಾಟಿದ, ಅವನಿಗೆಷ್ಟು ಮಕ್ಕಳು, ಎಲ್ಲವೂ ಅವರ ದೊಡ್ಡ ಪುಸ್ತಕದಲ್ಲಿ ಇರುತ್ತದೆ. ಹೊಸದಾಗಿ ಹೆಸರು ಬರೆದರೆ ಆ ಮನೆಯವರು ಜೋಳ ಕೊಟ್ಟು ಕಳಿಸಬೇಕು. ಅವರ ಮೂಲಪುರುಷ ಕುಂಟನಂತೆ. ನಡೆಯಲಾರದವನಿಗೆ ಶಿವ ಎತ್ತು ಕೊಟ್ಟು, "ತಿರುಗು, ಮರೆತವರಿಗೆ ನೆನಪು ಮಾಡು" ಅಂದನಂತೆ. ಅದಕ್ಕೇ ಅಜ್ಜ ವಂಶ ಹೇಳಿ ಮುಗಿಸುವ ತನಕ ಕಂಬಳಿಯೊಳಗಿಂದ ಕಾಲು ಹೊರಗೆ ಹಾಕುತ್ತಿರಲಿಲ್ಲ. ಮುಗಿದ ಕೂಡಲೇ ಕಂಬಳಿ ಕೊಡವಿ ಎದ್ದು, "ಕಾಲು ಬಂದ್ವು ನೋಡವ್ವಾ, ಇನ್ನ ಚಾ ತಾ" ಅನ್ನುತ್ತಿದ್ದ.

ನಾನು ದೇವದುರ್ಗದ ಹೆಣ್ಣು. ಬಾಗಲವಾಡಕ್ಕೆ ಸೊಸೆಯಾಗಿ ಬಂದ ಹೊಸದರಲ್ಲೇ ಅವನ ಬಾಯಿಂದ ಗಂಡನ ಮನೆಯ ಕಥೆ ಕೇಳಿದೆ. ಮಧ್ಯಾಹ್ನ. ಅಂಗಳದ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ಅಜ್ಜ ಕಣ್ಣು ಮುಚ್ಚಿ, ಜೋಗುಳದ ಧಾಟಿಯಲ್ಲಿ ಶುರುಮಾಡಿದ.

"ಭೀಮಿ ಆಚಿ ದಂಡಿಯವ್ರು ನೀವು. ಅಲ್ಲಿ ದೊರಿ ನಿಮ್ಮ ಮನಿ ಹುಡುಗೀನ ಕೇಳಿದ. ಕೊಡಲೊಲ್ದೆ ಏಳು ಮನಿ ಎದ್ವು. ಒಲಿ ಮ್ಯಾಲಿನ ಗಡಗಿ ಒಲಿ ಮ್ಯಾಲೇ ಬಿಟ್ಟು ಎದ್ವು. ಕೃಷ್ಣಿ ತುಂಬಿ ಬಂದಿದ್ಲು. ಹರಗೋಲು ಹಾಕಿ ದಾಟಿದ್ರು. ಜಾಲಹಳ್ಳಿಯಾಗ ಮೂರು ತಲಿಮಾರು ನಿಂತ್ರು. ಅಲ್ಲಿಂದ ಒಬ್ಬಾವ ಬಾಗಲವಾಡಕ್ಕ ಬಂದ..."

ಕೇಳುತ್ತ ಕೇಳುತ್ತ ನನಗೆ ಅರೆನಿದ್ದೆ ಬಂದಂತಾಯಿತು. ಅಂಗಳದ ಆ ಬಿಸಿಲುನೀರಿನೊಳಗೆ ಏಳು ಮನೆಯವರು ಸಾಲಾಗಿ ನಡೆದು ಹೋಗುತ್ತಿದ್ದರು. ತಲೆಯ ಮೇಲೆ ಗಂಟು, ಬಗಲಲ್ಲಿ ಕೂಸು. ನಡುವೆ ಒಬ್ಬ ಹುಡುಗಿ ಹಿಂದೆ ತಿರುಗಿ ನೋಡಿದಳು. ನನ್ನನ್ನೇ ನೋಡಿದಂತಾಗಿ ಬಾಯಿ ತಪ್ಪಿ ಕೇಳಿಬಿಟ್ಟೆ: "ಆ ಹುಡುಗಿ ಹೆಸರೇನಜ್ಜಾ?"

"ಏ, ಒಳಗ ನಡಿ" ಅಂದರು ಅತ್ತೆ. "ಬಂದು ತಿಂಗಳಾಗಿಲ್ಲ, ಪುಸ್ತಕ ತಿದ್ದಾಕ ಹೊಂಟಾಳ!"

ಅಜ್ಜ ಕಣ್ಣು ತೆರೆದ. "ಹೆಣ್ಣಿನ ಹೆಸರು ಬರಿಯೋ ಪದ್ಧತಿ ಇಲ್ಲ ಯವ್ವಾ. ಗಂಡು ಹುಟ್ಟಿದಲ್ಲಿ ಗೆರಿ ಮುಂದ ಹೋಕ್ಕದ, ಇಲ್ಲದಲ್ಲಿ ಸೊನ್ನಿ ಬೀಳ್ತದ." ಹೇಳಿದವನು ಪುಟದ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಆವತ್ತು ಚಹಾ ಕೇಳುವುದನ್ನೇ ಮರೆತ.

ನನಗೆ ಒಬ್ಬಳೇ ಮಗಳು, ನೀಲಮ್ಮ. ಇನ್ನೊಂದು ಬಸಿರು ಬೇಡ, ಜೀವಕ್ಕೆ ಅಪಾಯ ಅಂದರು ಡಾಕ್ಟರು. ಶಿವ ಒಂದು ಕೊಟ್ಟನಲ್ಲ, ಕೈಕಾಲು ನೆಟ್ಟಗೆ ಕೊಟ್ಟನಲ್ಲ, ನನ್ನನ್ನೂ ಉಳಿಸಿದನಲ್ಲ ಎಂದು ಎಣಿಸಿಕೊಂಡೆ. ಆದರೆ ಪುಸ್ತಕದ ಲೆಕ್ಕ ಬೇರೆ. ಸೊನ್ನೆ ಬಿದ್ದರೆ ನಮ್ಮ ಮನೆಯ ಕಥೆ ಅಲ್ಲಿಗೆ ಮುಗಿಯಿತು. ಮನೆದೇವರ ದೀಪ ಹಚ್ಚುವ ಹಕ್ಕೂ ಮೈದುನನ ಮನೆಗೆ ಹೋಗುತ್ತದೆ, ಅವನಿಗೆ ಇಬ್ಬರು ಗಂಡುಮಕ್ಕಳು. ಅತ್ತೆ ಕೆಟ್ಟವರಲ್ಲ. ದೀಪ ದಿಕ್ಕಿಲ್ಲದೆ ಆರಬಾರದೆಂಬ ಅಂಜಿಕೆ ಅವರದು. ಮಗಳಿಗೆ ಹತ್ತು ತುಂಬಿದ ವರ್ಷ ಅಜ್ಜನಿಗೆ ಅವರೇ ಹೇಳಿದರು: "ಇನ್ನ ಆಗೂದಲ್ಲ ಹೋಗೂದಲ್ಲ. ಹಿರೀಮಗನ ಮನಿಗೆ ಸೊನ್ನಿ ಹಾಕಿಬಿಡು."

ನಾನು ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಚಹಾದ ಮೇಲೆ ಕೆನೆ ಕಟ್ಟುವ ತನಕ ನಿಂತಿದ್ದೆ. ಅಜ್ಜ ಪೆನ್ನು ತೆಗೆದ, ಝಾಡಿಸಿದ, ಹೆಬ್ಬೆರಳ ಉಗುರಿನ ಮೇಲೆ ಗೀಚಿ ನೋಡಿದ.

"ಶಾಯಿ ಮುಗದದವ್ವಾ."

ಅತ್ತೆ ನೀಲಮ್ಮನ ಪಾಟಿಚೀಲದಿಂದ ಪೆನ್ನು ತಂದುಕೊಟ್ಟರು.

"ಇದು ನೀಲಿ. ಸೊನ್ನಿ ಕರಿ ಶಾಯಿಯಾಗೇ ಬೀಳಬೇಕು" ಅಂದು ಪುಸ್ತಕ ಕಟ್ಟಿದ. ಹೋಗುವಾಗ ನನ್ನ ಕೈಯ ಬಟ್ಟಲು ಇಸಿದುಕೊಂಡು ಆ ತಣ್ಣನೆಯ ಚಹಾವನ್ನೇ ಕುಡಿದ. ಅವನ ಉಗುರಿನ ಮೇಲೆ ಕರಿ ಗೆರೆ ಹಸಿಯಾಗಿ ಹೊಳೆಯುತ್ತಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಮುಂದಿನ ವರ್ಷ ಬಂದಾಗ ಅಮಾವಾಸ್ಯೆ ಹತ್ತಿರ ಇತ್ತು, ಸೊನ್ನೆ ಹಾಕಬಾರದಂತೆ. ಅಷ್ಟರೊಳಗೆ ನಮಗೂ ಬಾಗಲವಾಡ ಬಿಡುವ ಕಾಲ ಬಂತು. ಗಂಡನಿಗೆ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಅತ್ತೆಯನ್ನೂ ಕರೆದುಕೊಂಡು ಊರು ಬಿಡುವ ದಿನ ನಾನು ಅತ್ತುಬಿಟ್ಟೆ. ನಗರದ ಗಲ್ಲಿಯೊಳಗೆ ನಮ್ಮನ್ನು ಯಾರು ಹುಡುಕಿ ಬಂದಾರು ಅಂದುಕೊಂಡಿದ್ದೆ. ಸುಗ್ಗಿ ಮುಗಿಯುತ್ತಲೇ ಒಂದು ಮಧ್ಯಾಹ್ನ ಸ್ಕೂಟರುಗಳ ಸದ್ದಿನ ನಡುವೆ ಗಂಟೆ ಕೇಳಿಸಿತು. ಕನಸೆಂದೇ ತಿಳಿದೆ. ಅಜ್ಜ ಎತ್ತನ್ನು ಜಾಲಹಳ್ಳಿಯಲ್ಲಿ ಬಿಟ್ಟು ಬಸ್ಸಿಗೆ ಬಂದಿದ್ದ. ಪಡಸಾಲೆಯಲ್ಲಿ ಕಂಬಳಿ ಹಾಸಿ, ಕಾಲು ಮಡಚಿ, ಅದೇ ಧಾಟಿಯಲ್ಲಿ ಭೀಮೆಯಿಂದ ಹಿಡಿದು ಹೇಳುತ್ತ ಬಂದು, ಉಸಿರು ತೆಗೆದುಕೊಂಡು ಮುಂದುವರಿಸಿದ: "ಬಾಗಲವಾಡ ಬಿಟ್ರು. ಟೆಂಪೋದಾಗ ಬೀಸೋಕಲ್ಲು, ದೇವರ ಜಗಲಿ, ಮಗಳ ಸೈಕಲ್ಲು ಹೇರಿಕೊಂಡು ರಾಯಚೂರು ಸೇರಿದ್ರು."

ನಮ್ಮ ಹಳೆ ಟೆಂಪೋ ಕೂಡ ತುಂಬಿದ ಹೊಳೆ ದಾಟಿದ ಹಾಗಾಯಿತು. ಆವತ್ತಿನಿಂದ ಈ ಬಾಡಿಗೆ ಮನೆ ನನಗೆ ಪರದೇಶ ಅನ್ನಿಸಿಲ್ಲ.

ನೀಲಮ್ಮ ಕೇಳಿದಳು: "ಅಜ್ಜಾ, ನಿಮ್ಮ ಮಂದಿ ಎಲ್ಲಿಂದ ಬಂದ್ರು?"

"ನಮ್ದು ಬರದಾವ್ರು ಯಾರವ್ವಾ? ಎತ್ತಿಗೇ ಗೊತ್ತಿರಬೇಕು" ಅಂದು ನಕ್ಕ. ನಗು ಬೇಗ ಮುಗಿಯಿತು.

ಅತ್ತೆ ಬಿಡಲಿಲ್ಲ. "ಸೊನ್ನಿ?"

"ಚಾಳೀಸು ಮರತು ಬಂದೀನಿ."

ಕನ್ನಡಕ ದಾರದ ತುದಿಗೆ ಎದೆಯ ಮೇಲೆ ತೂಗಾಡುತ್ತಿತ್ತು. "ಮತ್ತ ಎದಿ ಮ್ಯಾಲ ಏನಲೇ ಹೆಳವಾ ಅದು, ಲಿಂಗೇನು?" ಅಂದರು ಅತ್ತೆ.

"ಅದು ದೂರದ್ದು ನೋಡಾಕ ಯವ್ವಾ. ಹಿಂದಿನ ತಲಿ ಕಾಣ್ತಾವ, ಮುಂದಿನ ಸೊನ್ನಿ ಕಾಣಂಗಿಲ್ಲ."

ಹೀಗೆ ವರುಷ ವರುಷ ಒಂದೊಂದು ನೆಪ. ದೇವರ ಮುಂದೆ ದಿನದ ಸಣ್ಣಪುಟ್ಟ ಕರುಣೆ ಎಣಿಸುವಾಗ, ನಲ್ಲಿಗೆ ನೀರು ಬಂದದ್ದು, ಗಂಡನ ಕೆಮ್ಮು ಇಳಿದದ್ದು ಎಲ್ಲ ಎಣಿಸಿದ ಮೇಲೆ, ಸುಗ್ಗಿಯ ಆ ಒಂದು ದಿನ ಅಜ್ಜನ ಸುಳ್ಳನ್ನೂ ಎಣಿಸುತ್ತಿದ್ದೆ. ಈಗ ನೀಲಮ್ಮ ಮಾನ್ವಿಯಲ್ಲಿ ಟೀಚರು. ಕಳೆದೆರಡು ಸುಗ್ಗಿಗೆ ಅಜ್ಜ ಬಂದಿರಲಿಲ್ಲ. ಮೊಣಕಾಲು ನಿಜವಾಗಿಯೂ ಹೋಗಿದ್ದವಂತೆ.

ಫೋನಿನಲ್ಲಿ ಅವನ ಮಗ ತಡೆದು ಅಂದ: "ಯಕ್ಕಾ, ಇನ್ನೊಂದು ಮಾತದ. ಪುಸ್ತಕ ಈಗ ನನ್ನ ಕೈಗೆ ಬಂತು. ನಿಮ್ಮ ಮನಿ ಹಾಳ್ಯಾಗ ಚೀಟಿ ಇಟ್ಟಾನ. ಓದ್ತೀನಿ ಕೇಳ್ರಿ. 'ಒಬ್ಬ ಹುಡುಗಿ ಸಲುವಾಗಿ ಏಳು ಮನಿ ಒಲಿ ಬಿಟ್ಟು ಎದ್ದಾವ. ಆಕಿ ಹೆಸರು ನಮ್ಮ ಹಿರ್ಯಾರು ಬರೀಲಿಲ್ಲ. ಸೊಸಿ ಕೇಳಿದಾಗ ನನಗ ಹೇಳಾಕ ಬರಲಿಲ್ಲ. ಇಲ್ಲಿ ಸೊನ್ನಿ ಹಾಕಬ್ಯಾಡ, ಮಗಳ ಹೆಸರು ಬರಿ. ನನಗ ಧೈರ್ಯ ಸಾಲಲಿಲ್ಲ, ನೀ ಬರಿ.' ಹೆಸರು ಹೇಳ್ರಿ ಯಕ್ಕಾ, ಪೆನ್ನು ಹಿಡದೀನಿ."

"ನೀಲಮ್ಮ" ಅಂದೆ. ಅವನಿಗೆ ಕೇಳಿಸಲಿಲ್ಲ, ಎರಡನೆಯ ಸಲ ಗಟ್ಟಿಯಾಗಿ ಹೇಳಿದೆ.

ಫೋನು ಇಟ್ಟಾಗ ಒಳಮನೆಯಿಂದ ಅತ್ತೆ ಕೇಳಿದರು. ಅವರಿಗೀಗ ಕಣ್ಣು ಮಂಜು, ಕಿವಿ ಚುರುಕು.

"ಯಾರದು?"

"ಹೆಳವಜ್ಜ ಹೋದನಂತ್ರೀ ಅತ್ತಿ."

ಅತ್ತೆ ಎದ್ದು ಕೂತ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, "ಕಡೀಗಾದ್ರೂ ಶಾಯಿ ಸಿಕ್ತೇನು ಅವಗ?"

"ಸಿಕ್ತಂತ್ರೀ."

"ಹಂಗಾದ್ರ ಜೋಳ ಕಟ್ಟಿಡು. ಹೆಸರು ಬರದವ್ರ ಮನಿಗೆ ಬರಿಗೈಲೆ ಹೋಗಬಾರ್ದು."

ಡಬ್ಬಿಯಿಂದ ಇನ್ನೆರಡು ಸೇರು ಜೋಳ ತೆಗೆದು ಮೊರಕ್ಕೆ ಸುರಿದುಕೊಂಡೆ. ಅಜ್ಜನ ಮನೆಗೆ ಹೋಗುವ ಜೋಳ, ಒಂದು ಹರಳೂ ಇರಬಾರದು. ಕಣ್ಣೊರೆಸಿಕೊಂಡು ಮತ್ತೆ ಆರಿಸುತ್ತ ಕೂತೆ.