ನಿಂಬೆಹಣ್ಣು ಸಿಕ್ಕ ಚಕ್ರಕ್ಕೆ ಸರಪಳಿ ಸಿಗಲಿಲ್ಲ

ಬೆಳಗ್ಗೆ ನಾವು ಮಲಗಿದ್ದ ಕ್ಯಾಂಪರ್ ವ್ಯಾನಿನ ಪರದೆ ಸರಿಸಿದ ಅಮ್ಮ, "ಯಾರೋ ಹೊರಗೆಲ್ಲ ಬಿಳಿ ಪಂಚೆ ಒಣಹಾಕಿದ್ದಾರೆ ನೋಡೋ" ಅಂದರು.

ಎದ್ದು ನೋಡಿದೆ. ಪಂಚೆಯಲ್ಲ, ಗೇಣು ದಪ್ಪದ ಹಿಮ. ಹಿಂದಿನ ಸಂಜೆ ನಾವು ಕೂತು ಕಾಫಿ ಕುಡಿದಿದ್ದ ಕುರ್ಚಿಗಳ ಮೇಲೆ ಬಿಳಿ ಮೆತ್ತೆ ಇಟ್ಟ ಹಾಗಿತ್ತು. ಫೋನಿನಲ್ಲಿ ಮಳೆ ಅಂತ ಮಾತ್ರ ತೋರಿಸಿತ್ತು. ಈ ಬೆಟ್ಟದಿಂದ ಒಂದೂವರೆ ಗಂಟೆ ಇಳಿದರೆ ಸ್ಯಾನ್ ಡಿಯೇಗೋದ ಸಮುದ್ರ, ಅಲ್ಲಿ ಜನ ಚಡ್ಡಿಯಲ್ಲಿ ಓಡಾಡುತ್ತಿರುತ್ತಾರೆ. ಇಪ್ಪತ್ತೆರಡು ವರ್ಷ ಡೈಮಂಡ್ ಬಾರ್ ಅನ್ನೋ ಬಿಸಿಲೂರಿನಲ್ಲಿ ಇದ್ದವನಿಗೆ ಇದು ತಲೆಗೇ ಹೋಗಲಿಲ್ಲ. ಪರದೆ ಹಿಡಿದುಕೊಂಡೇ ನಿಂತೆ.

ಮಧ್ಯಾಹ್ನ ಒಂದು ಗಂಟೆಗೆ ಸ್ಯಾನ್ ಡಿಯೇಗೋದ ಲಾ ಹೋಯಾದಲ್ಲಿ ಮಗಳ ಪಿಎಚ್‌ಡಿ ಡಿಫೆನ್ಸ್, ಎಲ್ಲರೆದುರು ಕೊಡೋ ಕೊನೆಯ ಪರೀಕ್ಷೆ. ಆರು ವರ್ಷ ಸಮುದ್ರದ ಪಾಚಿಯ ಹಿಂದೆ ಬಿದ್ದವಳು. "ಅಜ್ಜಿ ಫ್ರಂಟ್ ರೋನಲ್ಲೇ ಇರಬೇಕು" ಅಂದಿದ್ದಳು. ಅಮ್ಮ ಅದಕ್ಕೇ ಬೆಂಗಳೂರಿಂದ ಬಂದಿದ್ದು. ದಾರಿಯಲ್ಲಿ ಅವರಿಗೆ ಒಂದು ರಾತ್ರಿ ಬೆಟ್ಟ ತೋರಿಸೋಣ ಅಂತ ಕ್ಯಾಂಪರ್ ಬಾಡಿಗೆಗೆ ತಂದವನು ನಾನೇ.

"ಬಾಡಿಗೆಯವರು ಚೈನ್ ಕೊಟ್ಟಿದ್ರಲ್ಲ, ಚಕ್ರಕ್ಕೆ ಹಾಕೋದು. ತೆಗೀರಿ" ಅಂದಳು ಹೆಂಡತಿ.

ಚೈನ್ ಡೈಮಂಡ್ ಬಾರ್‌ನಲ್ಲಿ, ನಮ್ಮ ಗರಾಜಿನಲ್ಲಿ ಇತ್ತು. ಡಿಫೆನ್ಸ್ ಮುಗಿದ ಮೇಲೆ ಮಗಳ ಸ್ನೇಹಿತರಿಗೆಲ್ಲ ದೋಸೆ ಅಂತ ತೀರ್ಮಾನವಾಗಿತ್ತು. ವೆಟ್ ಗ್ರೈಂಡರ್‌ಗೆ ಜಾಗ ಸಾಲಲಿಲ್ಲ ಅಂತ ಚೈನಿನ ಆ ಭಾರದ ಡಬ್ಬ ಕೆಳಗಿಳಿಸಿ, ಅದರ ಜಾಗದಲ್ಲಿ ಗ್ರೈಂಡರ್ ಕೂರಿಸಿದ್ದೆ. ಹೇಳಿದೆ. ಅವಳು ಹೋಗಿ ಗ್ರೈಂಡರಿನ ಮುಚ್ಚಳ ತೆಗೆದು ಒಳಗೆ ನೋಡಿ, ಮತ್ತೆ ಮುಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು.

ಅಮ್ಮ ಅಂದರು: "ಹೊರಡೋವಾಗ ನಾಲ್ಕು ಚಕ್ರಕ್ಕೂ ಮರೀದೆ ನಿಂಬೆಹಣ್ಣು ಇಟ್ಯಲ್ಲಪ್ಪಾ. ಅಷ್ಟು ಜ್ಞಾಪಕ ಇತ್ತು."

ನಿಧಾನವಾಗಿ ಇಳಿದರಾಯಿತು ಅಂತ ಹೊರಟೆ. ಮೊದಲನೇ ತಿರುವು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ; ಗಾಡಿ ನೇರ ಹೋಗುತ್ತಲೇ ಇತ್ತು. ಬ್ರೇಕ್ ಒತ್ತಿದರೆ ಒತ್ತದ ಹಾಗೆ. ಸದ್ದೇ ಇಲ್ಲದ ಜಾರಾಟ ಅದು, ಯಾರೋ ನಮ್ಮನ್ನು ತಟ್ಟೆಯಲ್ಲಿಟ್ಟು ತಳ್ಳಿದ ಹಾಗೆ. ಹಿಂದೆ ಸ್ಟೀಲ್ ಡಬ್ಬಗಳು ಬಿದ್ದವು. ಮುಂದಿನ ಚಕ್ರ ರಸ್ತೆಬದಿಯ ಮಣ್ಣಿನ ದಿಬ್ಬಕ್ಕೆ ಒರಗಿ ಗಾಡಿ ನಿಂತಿತು. ಆ ದಿಬ್ಬದ ಆಚೆ ಬರೀ ಇಳಿಜಾರು. ಸ್ಟೀರಿಂಗ್‌ನಿಂದ ಬೆರಳು ಬಿಡಿಸಿಕೊಳ್ಳಲು ಆಗಲಿಲ್ಲ. ಹೆಂಡತಿ ಒಂದೊಂದಾಗಿ ಬಿಡಿಸಿದಳು.

ರಸ್ತೆ ಕೆಲಸದವನೊಬ್ಬ ಬಂದು ನೋಡಿದ. ಚೈನ್ ಇಲ್ಲದೆ ಇದು ಇಲ್ಲಿಂದ ಅಲ್ಲಾಡೋ ಹಾಗಿಲ್ಲ, ಎಳೆದೊಯ್ಯೋ ಟೋ ಟ್ರಕ್ ಬರೋದು ಸಂಜೆಗೇ ಅಂದ. ಆಗ ಹತ್ತು ಗಂಟೆ.

ಅಷ್ಟರಲ್ಲಿ ಕ್ಯಾಂಪಿನಲ್ಲಿ ನಮ್ಮ ಪಕ್ಕದಲ್ಲಿದ್ದ ಹೆಂಗಸಿನ ಪಿಕಪ್ ಬಂತು, ಚಕ್ರಕ್ಕೆ ಚೈನ್ ಬಿಗಿದುಕೊಂಡು. ನಮ್ಮ ಅಮ್ಮನದೇ ವಯಸ್ಸಿರಬೇಕು. ಸ್ಯಾನ್ ಡಿಯೇಗೋಗೇ ಹೋಗುತ್ತಿದ್ದಾರಂತೆ. ಒಬ್ಬರಿಗೆ ಜಾಗ ಇದೆ, ಹಿಂದಿನ ಸೀಟು ನಾಯಿಯದು ಅಂದರು. ನಾಯಿ ಕರುವಿನಷ್ಟಿತ್ತು.

ಅಮ್ಮ ಸೊಸೆಯ ಕಡೆ ತಿರುಗಿದರು. "ನೀನು ಹೋಗಮ್ಮ. ಹೆತ್ತವಳು ನೀನು. ನನಗೇನು ಅರ್ಥವಾಗುತ್ತೆ ಆ ಪಾಚಿ?"

"ಅವಳು ಕೇಳಿದ್ದು ನಿಮ್ಮನ್ನ ಅತ್ತೆ. ಹತ್ತಿ."

ನಾಯಿ ಅಂದರೆ ಮಾರು ದೂರ ನಿಲ್ಲುವ ಅಮ್ಮ ಸೆರಗು ಬಿಗಿಮಾಡಿಕೊಂಡು ಹತ್ತಿದರು. ನಾಯಿ ಅವರ ಹೆಗಲ ಮೇಲೆ ಮೂತಿ ಇಟ್ಟಿತು. ಅಮ್ಮ ಅಲ್ಲಾಡದೆ ನೇರ ನೋಡುತ್ತಾ ಕೂತರು. ಗುರುತು ಪರಿಚಯ ಇಲ್ಲದವರ ಗಾಡಿಯಲ್ಲಿ, ಭಾಷೆ ಬಾರದ ಅಮ್ಮನನ್ನು ಕಳಿಸಿಬಿಟ್ಟೆ. ತಿರುವಿನಲ್ಲಿ ಪಿಕಪ್ ಮರೆಯಾಗುವ ಮೊದಲು ಅದರ ನಂಬರ್ ಅಂಗೈ ಮೇಲೆ ಬರೆದುಕೊಂಡೆ.

ಹೆಂಡತಿ ಬಿದ್ದ ಡಬ್ಬಗಳನ್ನೆಲ್ಲ ಎತ್ತಿಟ್ಟು, ಮೂರು ಗಂಟೆಯವರೆಗೆ ಫೋನ್ ಹಿಡಿದು ಕಿಟಕಿ ಪಕ್ಕ ಕೂತಳು. ಆಮೇಲೆ ಅವಳ ಫೋನಿಗೆ ಒಂದು ಫೋಟೋ ಬಂತು. ಮೊದಲ ಸಾಲಿನಲ್ಲಿ ಅಮ್ಮ, ರೇಷ್ಮೆ ಸೀರೆಯ ಮೇಲೆ ಆ ಹೆಂಗಸಿನ ಕೆಂಪು ಜಾಕೆಟ್, ಪಕ್ಕದ ಕುರ್ಚಿಯಲ್ಲಿ ಆ ಹೆಂಗಸೇ. ಕೆಳಗೆ ಮಗಳು, ಪಾಸಾದೆ ಅಂತ ಇಂಗ್ಲಿಷಿನಲ್ಲಿ ಬರೆದಿದ್ದಳು. ಹೆಂಡತಿ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದಳು. ಕಣ್ಣೊರೆಸಿಕೊಂಡಳು.

ನಂತರ ನನ್ನ ಕಡೆ ನೋಡದೆ ಅಂದಳು: "ಆ ಗ್ರೈಂಡರ್‌ಗೆ ಒಂದು ಶಾಲು ಹೊದಿಸ್ರಿ. ಪಾಪ, ಚಳಿ ಆಗ್ತಿರಬೇಕು."