ಫರೀದಾಬಾದಿಗೆ ಹೊತ್ತೊಯ್ದ ಮೈಸೂರು ಪೇಟ

ದೆಹಲಿಯ ಕರೋಲ್ ಬಾಗ್ ಮೆಟ್ರೋದ ತಪಾಸಣೆಯಲ್ಲಿ ನನ್ನ ಚೀಲ ಎರಡು ಸಲ ಯಂತ್ರದೊಳಗೆ ಹೋಗಿ ಬಂತು. ಒಳಗಿದ್ದದ್ದು ಶಾಲು, ಗಂಧದ ಹಾರ, ಒಂದು ಮೈಸೂರು ಪೇಟ. "ಶಾದಿ ಹೈ ಕ್ಯಾ?" ಎಂದ ಕಾವಲಿನ ಜವಾನ. ಮದುವೆಯಲ್ಲ ಮಾರಾಯ, ಕಾರ್ಖಾನೆ ಉಳಿಸಿಕೊಳ್ಳುವ ಪರದಾಟ ಎಂದು ಅವನಿಗೆ ವಿವರಿಸುವಷ್ಟು ತಾಳ್ಮೆ ನನಗಿರಲಿಲ್ಲ.

ಆಗಲೇ ಎಂಟೂಕಾಲು. ಫರೀದಾಬಾದಿನಲ್ಲಿ ನನ್ನ ಅಕ್ಕನ ಗಂಡನ ಪುಟ್ಟ ಸ್ಪ್ರಿಂಗ್ ಕಾರ್ಖಾನೆಗೆ ಹನ್ನೊಂದಕ್ಕೆ ಜಪಾನಿನವರು ಬರುವವರಿದ್ದರು. ಕಾರಿನ ಬಾಗಿಲ ಬೀಗ ಮಾಡುವ ಕಂಪನಿ. ಹೊಸ ಘಟಕ ಹರಿಯಾಣದಲ್ಲೋ ಥಾಯ್ಲೆಂಡಿನಲ್ಲೋ ಎಂದು ನೋಡುತ್ತಿದ್ದರು. ಇಲ್ಲಿಗೆ ಬಂದರೆ ಭಾವನಿಗೆ ಆ ಬೀಗಗಳ ಸ್ಪ್ರಿಂಗ್ ಮಾಡುವ ಕೆಲಸ, ಇಲ್ಲದಿದ್ದರೆ ದೀಪಾವಳಿಯೊಳಗೆ ಬಾಗಿಲಿಗೆ ಬೀಗ. ಹಳೆಯ ಗಿರಾಕಿ ಕಂಪನಿ ಹೋದ ವರ್ಷವೇ ತನ್ನ ತಯಾರಿಕೆಯನ್ನು ವಿಯೆಟ್ನಾಮಿಗೆ ಸಾಗಿಸಿತ್ತು. "ಅವರು ಬಂದಾಗ ಬರೀ ಚಹಾ ಕೊಟ್ಟು ಕಳಿಸ್ದೆ. ಅದಕ್ಕೇ ಹೋದ್ರು" ಎಂಬುದು ಭಾವನ ಗಟ್ಟಿ ನಂಬಿಕೆ. ಅದಕ್ಕೇ ಈ ಸಲ ನಮ್ಮ ಪದ್ಧತಿಯ ಸನ್ಮಾನ.

ಮಂಡಿ ಹೌಸಿನಲ್ಲಿ ಗಾಡಿ ಬದಲಿಸಿದೆ. ಸೀಟು ಸಿಕ್ಕಿತು, ಕೂರಲಾಗಲಿಲ್ಲ. ಪ್ರತಿ ನಿಲ್ದಾಣದಲ್ಲೂ ಗಡಿಯಾರ ನೋಡಿದೆ. ಬಡ್ಖಲ್ ಮೋಡಿನಲ್ಲಿ ಇಳಿದಾಗ ಜೂನ್ ಬಿಸಿಲು ಮುಖಕ್ಕೆ ರಾಚಿತು. ಶೇರ್ ಆಟೋಗೆ ತಲೆಗೆ ಇಪ್ಪತ್ತು ರೂಪಾಯಿ, ಆದರೆ ಆರು ಜನ ತುಂಬುವ ತನಕ ಆಸಾಮಿ ಕದಲುವವನಲ್ಲ. "ಚಲೋ ಭಯ್ಯಾ!" ಎಂದು ಆರೂ ಸೀಟಿನ ದುಡ್ಡು ನಾನೇ ಕೊಟ್ಟೆ.

ಕಾರ್ಖಾನೆಯ ಮುಂದೆ ರಂಗೋಲಿ, ಒಳಗೆ ತೊಳೆದ ನೆಲ, ಹೊಸ ಅಂಗಿ ತೊಟ್ಟು ಸಾಲಾಗಿ ನಿಂತ ಎಂಟು ಕೆಲಸಗಾರರು. ಒಂದು ಸದ್ದಿಲ್ಲ.

"ಮಷಿನ್ ಯಾಕೆ ನಿಲ್ಸಿದೀರಿ ಭಾವ?"

"ದೊಡ್ಡವರು ಬರೋವಾಗ ಗಡಗಡ ಅನ್ನಿಸೋದಾ ರಾಘು? ಮರ್ಯಾದೆ ಬೇಡ್ವಾ?"

ಬಂದವರು ಒಬ್ಬರೇ, ಐವತ್ತರ ಆಸುಪಾಸಿನ ತನಾಕಾ ಎಂಬ ಮಹಿಳಾ ಇಂಜಿನಿಯರ್. ಭಾವ ಪೇಟ ಎತ್ತಿದರೆ ಆಕೆ ಬಾಗಿ ನಮಸ್ಕರಿಸಿ ಎರಡು ಹೆಜ್ಜೆ ಹಿಂದೆ ಸರಿದರು. "ಮಷಿನ್ ಕೆಟ್ಟಿದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ ಮೇಡಂ, ನಿಮಗೋಸ್ಕರ ನಿಲ್ಲಿಸಿದ್ದು."

"ನನಗಿರುವುದು ನಲವತ್ತು ನಿಮಿಷ. ನಾನು ಬಂದಿದ್ದು ಅದು ಓಡುವುದನ್ನು ನೋಡಲು."

ಭಾವನ ಮುಖ ಸಪ್ಪಗಾಯಿತು. ಹಳೆಯ ಕೆಲಸಗಾರ ರಾಮಾವತಾರ್ ಮಷಿನಿನತ್ತ ಓಡಿದ. ಸುಮ್ಮನಿರಲಾರದೆ ನಾನು ಕೇಳಿಯೇಬಿಟ್ಟೆ: "ಕೂಲಿ ಅಗ್ಗ ಅಂತ ತಾನೇ ನೀವೆಲ್ಲ ಹೊರದೇಶಕ್ಕೆ ಬರೋದು?"

"ಅಗ್ಗದ ಕೂಲಿ ಎಷ್ಟೋ ಕಡೆ ಇದೆ. ನಮ್ಮ ಬೀಗ ಕೊಳ್ಳುವ ಕಾರಿನವರು ಇಲ್ಲೇ ಹತ್ತಿರದಲ್ಲಿದ್ದಾರೆ. ಜಪಾನಿನಿಂದ ಹಡಗಿನಲ್ಲಿ ಬಂದ ಸ್ಪ್ರಿಂಗ್ ತಪ್ಪಿದ್ದರೆ ಇನ್ನೊಂದು ಹಡಗಿಗೆ ಕಾಯಬೇಕು. ಇಲ್ಲಾದರೆ ಸಂಜೆಯೊಳಗೆ ಸರಿಮಾಡಬಹುದು. ತಪ್ಪನ್ನು ಒಪ್ಪಿಕೊಳ್ಳುವವರು ಸಿಕ್ಕರೆ."

"ಹಾಗಾದ್ರೆ ವಿಯೆಟ್ನಾಮಿಗೆ ಹೋದ ನಮ್ಮ ಹಳೇ ಗಿರಾಕಿ ಕಂಪನಿ?" ಎಂದರು ಭಾವ.

"ಅವರ ಗಿರಾಕಿಗಳು ವಿಯೆಟ್ನಾಮಿನಲ್ಲಿರಬೇಕು."

ಒಂದು ವರ್ಷದಿಂದ ಆ ಚಹಾದ ಕೊರಗು ಹೊತ್ತಿದ್ದ ಮನುಷ್ಯ! ನನಗೆ ಅಯ್ಯೋ ಅನ್ನಿಸಿತು.

ನಿಂತು ತಣ್ಣಗಾಗಿದ್ದ ಮಷಿನಿನಿಂದ ಮೊದಲು ಬಂದ ಸ್ಪ್ರಿಂಗುಗಳೆಲ್ಲ ಸೊಟ್ಟ. ಅಡಗಿಸಿಡು ಎಂದು ಭಾವ ಕಣ್ಸನ್ನೆ ಮಾಡಿದರು. ರಾಮಾವತಾರ್ ನೋಡಿದ, ಆದರೂ ಒಂದೊಂದನ್ನೇ ಅಳೆದು, ರದ್ದಿಯ ಕೆಂಪು ಡಬ್ಬಿಗೆ ಠಣ್ ಠಣ್ ಎಂದು ಎಸೆದ. ಭಾವ ತಲೆಯ ಮೇಲೆ ಕೈಹೊತ್ತರು. ಕಥೆ ಮುಗಿಯಿತು ಎಂದುಕೊಂಡೆ. ಅವನು ತಿರುಪು ಬಿಗಿದ, ಮತ್ತೆ ಅಳೆದ, ಮತ್ತೆ ಎಸೆದ. ಕೊನೆಗೆ ಸರಿಯಾದವು ಬರತೊಡಗಿದವು. ತನಾಕಾ ಗಡಿಯಾರ ನೋಡುವುದನ್ನೇ ಬಿಟ್ಟಿದ್ದರು.

ಅವರು ಹೊರಟಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. "ಮಂಗಳವಾರ ಮತ್ತೆ ಬರುತ್ತೇನೆ, ಇಡೀ ದಿನಕ್ಕೆ. ದಯವಿಟ್ಟು ಏನನ್ನೂ ನಿಲ್ಲಿಸಬೇಡಿ" ಎಂದರು.

ನಾನು ಖಾಲಿ ಚೀಲ ಹಿಡಿದು ಆಟೋ ಹತ್ತುವ ಮುನ್ನ ಒಮ್ಮೆ ತಿರುಗಿ ನೋಡಿದೆ. ಭಾವ ಶಾಲು, ಪೇಟ ಹಿಡಿದು ರಾಮಾವತಾರನ ಹಿಂದೆ ನಿಂತಿದ್ದರು. ಅವನು ತಿರುಗಲೂ ಇಲ್ಲ.

"ಆಮೇಲೆ ಸಾಬ್, ಮಷಿನ್ ಓಡ್ತಾ ಇದೆ" ಎಂದ.

ಭಾವ ಪೇಟ ಹಿಡಿದುಕೊಂಡೇ ಕಾದು ನಿಂತರು.