ಬುಧವಾರ ಬಂದ ಶನಿವಾರ

ಬೆಳಿಗ್ಗೆ ನಮ್ಮ ಅಡುಗೆಮನೆಯಿಂದ ಅರಿವೆ ಸುಟ್ಟ ವಾಸನೆ ಬಂದರೆ ನನ್ನ ಹೆಂಡತಿ ಕೂತಲ್ಲಿಂದಲೇ, "ಚಾ ಆತೇನ್ರಿ?" ಎಂದು ಕೇಳುತ್ತಾಳೆ. ನಾನು ಚಹಾ ಇಳಿಸುವುದೂ ಕೈಯಲ್ಲಿರುವ ಬಟ್ಟೆಯ ಅಂಚು ಉರಿಗೆ ತಾಗುವುದೂ ಒಟ್ಟಿಗೇ ಆಗುತ್ತವೆ. ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ಸಿಕ್ಕಿರುವ ಖಾತೆ ಇದೊಂದೇ, ಅದನ್ನೂ ನೆಟ್ಟಗೆ ನಡೆಸಲು ಬಾರದು. ಕಳೆದ ಮಂಗಳವಾರ ಸುಟ್ಟದ್ದು ಒಂದು ಕೆಂಪು ಬಟ್ಟೆ. ಅಂಗೈ ಅಗಲದ್ದು, ನಾಲ್ಕು ಪದರ, ಸುತ್ತಲೂ ಸಾಲು ತಪ್ಪದ ಹೊಲಿಗೆ. ಮೂವತ್ತು ವರ್ಷ ಬಿಸಿ ಪಾತ್ರೆ ಇಳಿಸಿ ಇಳಿಸಿ ಅದರ ಬಣ್ಣ ಹೋಗಿದೆ. ಹೊಲಿಗೆ ಮಾತ್ರ ಒಂದೆಳೆಯೂ ಬಿಟ್ಟಿಲ್ಲ. ಅದನ್ನು ನಲ್ಲಿಯ ಕೆಳಗೆ ಹಿಡಿದು ನಿಂತಿದ್ದಾಗ ಫೋನು ಬಂತು.

"ಹಿಟ್ಲರ್ ಸಾಹೇಬ್ರ, ಅರಾಮ ಅದೀರಿ?"

ಕರೆದದ್ದು ನನ್ನನ್ನೇ. ಗಾಬರಿಯಾಗಬೇಡಿ, ಹೇಳುತ್ತೇನೆ.

ಸೊಲ್ಲಾಪುರದ ಹೊರಗೆ ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಒಂದು ಟವೆಲ್ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಜರ್ ಆಗಿದ್ದೆ. ಐದು ನಿಮಿಷ ತಡವಾಗಿ ಬಂದವರನ್ನು ಗೇಟಿನ ಹೊರಗೇ ನಿಲ್ಲಿಸುತ್ತಿದ್ದೆ. ಚಹಾದ ಬಿಡುವನ್ನು ಕೈಗಡಿಯಾರ ನೋಡಿ ಮುಗಿಸುತ್ತಿದ್ದೆ. ಬೀಡಿ ಸೇದಲು ಹೋದವನನ್ನು ಅವನ ಹೊಗೆಯ ಜಾಡು ಹಿಡಿದು ಹುಡುಕುತ್ತಿದ್ದೆ. ಇಷ್ಟಕ್ಕೆ ಆ ಹೆಸರು ಬಿತ್ತು. ನಮ್ಮ ಕಡೆ ಅದೇನು ದೊಡ್ಡ ಬೈಗುಳವಲ್ಲ. ಶಾಲೆಗೊಬ್ಬ, ಬ್ಯಾಂಕಿಗೊಬ್ಬ, ಅತ್ತೆಯರಲ್ಲಿ ಓಣಿಗೊಬ್ಬರು ಹಿಟ್ಲರ್ ಇರುತ್ತಾರೆ. ಖರೆ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ನಮ್ಮೂರು ಕರಜಗಿಯಲ್ಲಿ ನಮ್ಮಪ್ಪನ ಕುರಿಗಳು ಕೂಡ ನನ್ನ ಮಾತು ಕೇಳಿದ್ದಿಲ್ಲ. ಇಲ್ಲಿ ಮಗ್ಗದ ಮುಂದೆ ನಿಂತ ಗಂಡಸರು ನನ್ನ ಚಪ್ಪಲಿಯ ಸಪ್ಪಳಕ್ಕೆ ಮಾತು ನಿಲ್ಲಿಸುತ್ತಿದ್ದರು.

ಆಗ ನನಗೆ ಮದುವೆಯಾಗಿರಲಿಲ್ಲ. ಸೊಲ್ಲಾಪುರದ ಸ್ಟೇಶನ್ನಿನ ಹತ್ತಿರ ಲೇಯಾಬಾಯಿ ಎಂಬವರ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಹೆಣ್ಣುಮಕ್ಕಳ ಸಾಲಿಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ಒಂಟಿ ಹೆಂಗಸು. ಮನೆ ನೋಡಲು ಹೋದ ದಿನ ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿದಿದ್ದ ಬೆರಳುದ್ದದ ಹಿತ್ತಾಳೆಯ ಕೊಳವೆಯನ್ನು ಎರಡು ಸಲ ಒತ್ತಿದ್ದೆ. ಬಾಯಿ ಬಾಗಿಲು ತೆಗೆದು, "ಅದು ಘಂಟಿ ಅಲ್ಲ ತಮ್ಮಾ, ಒಳಗ ದೇವರ ವಚನ ಐತಿ. ಒತ್ತಿದ್ರ ಅಂವ ಬರಂಗಿಲ್ಲ, ನಾನ ಬರಬೇಕು" ಎಂದರು.

ಅವರು ಯಹೂದಿ ಜನ, ಬೆನೆ ಇಸ್ರೇಲ್ ಎನ್ನುತ್ತಾರಲ್ಲ, ಅವರು. ಮನೆಯ ಮಾತು ಮರಾಠಿ. ತಂದೆ ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಗೂಡ್ಸ್ ಕ್ಲಾರ್ಕ್ ಆಗಿದ್ದರಿಂದ ನಮ್ಮ ಕನ್ನಡ ಅವರಿಗೆ ನನ್ನಷ್ಟೇ ಬರುತ್ತಿತ್ತು. ಬೈಗುಳ ನನಗಿಂತ ಹೆಚ್ಚು ಬರುತ್ತಿದ್ದವು. ಶನಿವಾರ ಮಾತ್ರ ಅವರು ಬೆಂಕಿ ಹೊತ್ತಿಸುತ್ತಿರಲಿಲ್ಲ, ಮಷೀನು ತುಳಿಯುತ್ತಿರಲಿಲ್ಲ. ಮಾರುತಿಯ ಒಪ್ಪತ್ತಿರಬೇಕು ಎಂದು ನಾನು ಆರು ತಿಂಗಳು ನಂಬಿದ್ದೆ. ಒಮ್ಮೆ ತೆಂಗಿನಕಾಯಿಯನ್ನೂ ತಂದುಕೊಟ್ಟೆ. ಅವರು ಅದನ್ನು ಚಟ್ನಿ ಮಾಡಿ, "ನಮ್ಮ ಹಳಬರು ಕೊಂಕಣದಾಗ ಗಾಣ ನಡಸ್ತಿದ್ರು. ಶನಿವಾರ ಗಾಣ ಬಂದ್. ಊರ ಮಂದಿ ನಮಗ ಶನಿವಾರದ ಗಾಣಿಗ್ಯಾರು ಅಂತಿದ್ರು" ಎಂದು ತಿಳಿಸಿದರು.

ಹೀಗೆ ಶನಿವಾರದ ಚಹಾ ನನ್ನ ಪಾಲಿಗೆ ಬಂತು. ಸ್ಟೋವ್ ಹೊತ್ತಿಸು ಎಂದು ಬಾಯಿ ಒಮ್ಮೆಯೂ ಹೇಳಿದವರಲ್ಲ. ಹೇಳುವುದೂ ಅವರಲ್ಲಿ ನಡೆಯುವುದಿಲ್ಲವಂತೆ. ಬೆಳಿಗ್ಗೆ ಬಾಗಿಲನ್ನು ಅರ್ಧ ತೆರೆದಿಡುತ್ತಿದ್ದರು, ಅಷ್ಟೇ. ನಾನು ಎಂಐಡಿಸಿ ಬಸ್ಸಿಗೆ ಹೋಗುವ ಮುಂಚೆ ಒಳಗೆ ಹೋಗಿ, ಸ್ಟೋವಿಗೆ ಪಂಪು ಹೊಡೆದು, ಚಹಾ ಮಾಡಿ ಇಬ್ಬರಿಗೂ ಬಸಿಯುತ್ತಿದ್ದೆ. ನನ್ನ ಚಹಾ ಆಗಲೂ ಇಷ್ಟೇ ಚೆನ್ನಾಗಿರುತ್ತಿತ್ತು. ಆದರೆ ಊರಿನಿಂದ ದೂರವಿದ್ದ ನನಗೆ ಆ ಅರ್ಧ ತೆರೆದ ಬಾಗಿಲೇ ವಾರದ ಹಬ್ಬ.

ಆ ವರ್ಷ ಕಾರ್ಖಾನೆಯ ಸ್ನೇಹಸಮ್ಮೇಳನದಲ್ಲಿ ವೇಷಭೂಷಣದ ಸ್ಪರ್ಧೆ ಇಟ್ಟರು. ಸಾಹೇಬ್ರು ಯಾವ ವೇಷ ಹಾಕಬೇಕು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಖಾಕಿ ಅಂಗಿ ಸಿಕ್ಕಿತು, ಮೀಸೆಗೆ ಕಾಡಿಗೆ ಸಾಕು, ಉಳಿದದ್ದು ತೋಳಿನ ಪಟ್ಟಿ. ಒಂದು ಬುಧವಾರ ಸಂಜೆ ಕೆಂಪು ಬಟ್ಟೆ ತಗೊಂಡು, ಮನೆಯಲ್ಲೇ ಹೊಲಿಗೆಯ ಬಾಯಿ ಇರುವಾಗ ದರ್ಜಿಯ ಬಳಿ ಯಾಕೆ ಹೋಗಬೇಕು ಎಂದುಕೊಂಡು, ನೇರವಾಗಿ ಲೇಯಾಬಾಯಿಯ ಮಷೀನಿನ ಮುಂದೆ ಇಟ್ಟೆ. ಕಾರ್ಖಾನೆಯಲ್ಲಿ ನನಗೆ ಬಿದ್ದಿದ್ದ ಹೆಸರು, ಯಾವ ಪಟ್ಟಿ, ಯಾರ ಪಟ್ಟಿ, ನಡುವೆ ಯಾವ ಗುರುತು ಬರಬೇಕು, ಎಲ್ಲವನ್ನೂ ಹೇಳಿ ಪೇಪರಿನ ಮೇಲೆ ಚಿತ್ರ ಬರೆದು ತೋರಿಸಿದೆ.

ಬಾಯಿ ಬಟ್ಟೆಯನ್ನು ನೋಡಿದರು, ಚಿತ್ರವನ್ನು ನೋಡಿದರು. ಆಮೇಲೆ ಮಷೀನಿನ ಮೇಲೆ ಮುಚ್ಚಳ ಇಟ್ಟು, "ಇವತ್ತ ಶನಿವಾರ. ಹೊಲಿಯಂಗಿಲ್ಲ" ಎಂದರು.

"ಬಾಯಿ, ಬುಧವಾರರಿ ಇವತ್ತ."

"ನಿನಗ ಬುಧವಾರ" ಎಂದು ಒಳಗೆ ಹೋದರು.

ವಯಸ್ಸಾಯಿತು, ವಾರ ಮರೆಯುತ್ತಿದ್ದಾರೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಬಚ್ಚಿಟ್ಟು ಏನು ಮಾಡಲಿ. ಬಟ್ಟೆಯನ್ನು ಅಲ್ಲೇ ಬಿಟ್ಟು, ಪಟ್ಟಿ ಇಲ್ಲದೆಯೇ ಮೀಸೆ ಬರೆದುಕೊಂಡು ಸ್ಟೇಜು ಹತ್ತಿದೆ. ಮೊದಲ ಬಹುಮಾನ ಬಂತು, ಒಂದು ಸ್ಟೀಲಿನ ಡಬ್ಬಿ. ಡಬ್ಬಿ ಹಿಡಿದುಕೊಂಡು, ಮೀಸೆ ತೊಳೆಯದೆ ಮನೆಗೆ ಬಂದಾಗ ಬಾಯಿ ಮೆಟ್ಟಿಲ ಬಳಿ ಹೂಗಿಡಕ್ಕೆ ನೀರು ಹಾಕುತ್ತಿದ್ದರು. ನನ್ನನ್ನು ನೋಡಿ ತಂಬಿಗೆಯನ್ನು ಅಲ್ಲೇ ಬಿಟ್ಟು ಒಳಗೆ ನಡೆದರು.

ಶನಿವಾರ ಬಾಗಿಲು ಮುಚ್ಚಿತ್ತು. ಮುಂದಿನ ಶನಿವಾರವೂ ಮುಚ್ಚಿತ್ತು. ಚಹಾ ಇಲ್ಲದೆ ಅವರಿಗೆ ತಲೆನೋವು ಬರುತ್ತದೆ ಎಂಬುದು ನನಗೆ ಗೊತ್ತು. ಮೂರನೆಯ ಶನಿವಾರ ನಾನೇ ಬಾಗಿಲು ಬಡಿದೆ. ಬಹಳ ಹೊತ್ತಿನ ಮೇಲೆ ತೆಗೆದರು. ನನ್ನಿಂದ ಏನು ತಪ್ಪಾಯಿತು ಎಂದು ಕೇಳಿದೆ. ಕೂಡು ಎಂದರು.

"ನಾ ಸಣ್ಣಾಕಿ ಇದ್ದಾಗ ಅಕ್ಕಲಕೋಟದಾಗ ಒಬ್ಬ ಡಾಕ್ಟರ್ ಇದ್ದ. ಜರ್ಮನಿಯಿಂದ ಓಡಿ ಬಂದಾಂವ, ನಮ್ಮಂಗ ಜ್ಯೂ. ಲಡಾಯಿ ಚಾಲೂ ಆದಕೂಡ್ಲೆ ಇಂಗ್ರೇಜರ ಪೋಲೀಸರು ಬಂದು ಒಯ್ದರು. ಅಲ್ಲಿ ಜ್ಯೂ ಅಂತ ಹೊರಗ ಹಾಕಿದ್ರು, ಇಲ್ಲಿ ಜರ್ಮನ್ ಅಂತ ಒಳಗ ಹಾಕಿದ್ರು. ಮುಂದ ಬಿಟ್ಟರು ಅನ್ನು. ಅವನ ತಾಯಿ, ಇಬ್ಬರು ತಂಗ್ಯಾರು ಅಲ್ಲೇ ಉಳದಿದ್ರು. ಪತ್ರ ಬರತಾವೇನು ಅಂತ ವಾರಾ ವಾರಾ ಸ್ಟೇಶನ್ನಿಗೆ ಬರಾಂವ. ನಾ ನೀರು ಕೊಡತಿದ್ದೆ. ಪತ್ರ ನಿಂತ ಮ್ಯಾಲೂ ಬರಾಂವ."

ಲಡಾಯಿ ಮುಗಿದ ಮೇಲೆ ಒಂದು ಪತ್ರ ಬಂತಂತೆ, ಹಳೆಯ ನೆರೆಮನೆಯಾಕೆ ಬರೆದದ್ದು. ಡಾಕ್ಟರರು ಅದನ್ನು ಸ್ಟೇಶನ್ನಿನ ಬಾಕಿನ ಮೇಲೆ ಕೂತು ಬಾಯಿಯ ತಂದೆಗೆ ಮರಾಠಿಯಲ್ಲಿ ಹೇಳಿದರು. ಮೂವರನ್ನೂ ಗೂಡ್ಸ್ ಡಬ್ಬಿಯಲ್ಲಿ ತುಂಬಿ ಒಯ್ದರು, ಮೂವರನ್ನೂ ಕೊಂದರು. ಅವರ ಓಣಿಯಲ್ಲಿ ಯಹೂದಿ ಜನ ಒಬ್ಬರೂ ಉಳಿದಿಲ್ಲ.

"ನಮ್ಮಪ್ಪ ಗೂಡ್ಸ್ ಕ್ಲಾರ್ಕ್. ಅವಗ ತಿಳೀಲೇ ಇಲ್ಲ. ಗೂಡ್ಸ್ ಡಬ್ಬಿಯೊಳಗ ಮಂದಿನ್ನ ಬುಕ್ ಮಾಡಾಕ ಬರಂಗಿಲ್ಲರಿ ಡಾಕ್ಟರ್, ಕಾಯ್ದೆ ಇಲ್ಲ, ಅಂದ. ಎರಡು ಮೂರು ಸಲ ಅದನ್ನ ಅಂದ."

ನಾನು ಸ್ಟೋವ್ ಕಡೆ ನೋಡುತ್ತಿದ್ದೆ.

"ಆ ತಾಯಿ ನನ್ನಂಗ ಹೊಲಿಗಿ ಮಾಡಾಕಿ. ಜ್ಯೂ ಅಂತ ಗುರುತಾಗಲಿ ಅಂತ ಎಲ್ಲಾರೂ ಕೋಟಿಗೆ ಹಳದಿ ಅರಿವೀದು ಆರು ಮೂಲಿ ಚಿಕ್ಕಿ ಹಚ್ಚಬೇಕು ಅಂತ ಹುಕುಂ ಆತು. ತನ್ನದು, ಹೆಣ್ಣಮಕ್ಕಳದ್ದು, ಮೂರೂ ತಾನ ಹೊಲದಳಂತ. ಭಾಳ ನೀಟ ಹೊಲದಿದ್ದಳು ಅಂತ ನೆರಮನಿಯಾಕಿ ಬರದಿದ್ದಳು. ಡಾಕ್ಟರ್ ಎಲ್ಲಾ ಹೇಳುತನಕ ಅಳಲಿಲ್ಲ. ಆ ನೀಟ ಅನ್ನೂದಕ್ಕ ಅತ್ತ."

ನನಗೆ ನಾಚಿಕೆಯಾಯಿತು. ಆ ಹೆಸರಿನವನು ಯಹೂದಿಗಳನ್ನು ಲಕ್ಷಗಟ್ಟಲೆ ಕೊಲ್ಲಿಸಿದ ಎಂದು ಸಾಲಿಯಲ್ಲಿ ಓದಿರಲಿಲ್ಲವೆಂದಲ್ಲ. ಓದಿ ಐದು ಮಾರ್ಕು ತಗೊಂಡಿದ್ದೆ. ಆ ಐದು ಮಾರ್ಕಿಗೂ ನಾನು ಚಹಾ ಬಸಿದು ಕೊಡುತ್ತಿದ್ದ ಬಾಯಿಯ ಈ ಕೈಗೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ. ತಪ್ಪಾಯಿತು ಎಂದೆ.

ಬಾಯಿ ಕೇಳಿದ್ದು ಒಂದೇ ಮಾತು. "ಆ ಹೆಸರಿಲೆ ಕರದ್ರ ಓ ಅಂತೀ ಏನು?"

"ಇನ್ನ ಅನ್ನಂಗಿಲ್ರಿ" ಎಂದೆ. ಎದ್ದು ಸ್ಟೋವ್ ಹೊತ್ತಿಸಿದೆ.

ಮುಂದಿನ ಶನಿವಾರ ಬಾಗಿಲು ಅರ್ಧ ತೆರೆದಿತ್ತು. ಸ್ಟೋವಿನ ಪಕ್ಕ ನನ್ನ ಆ ಕೆಂಪು ಬಟ್ಟೆ, ಚಹಾ ಇಳಿಸುವ ಹಿಡಿಬಟ್ಟೆಯಾಗಿ ಕೂತಿತ್ತು. "ಅರಿವೀದು ಏನ ತಪ್ಪು?" ಎಂದರು ಬಾಯಿ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಉಳಿಯುತ್ತೇನೆ. ಆದರೆ ಸೋಮವಾರ ಗೇಟಿನಲ್ಲಿ ಯಾರೋ "ಹಿಟ್ಲರ್ ಸಾಹೇಬ್ರ" ಎಂದರು, ನಾನು "ಓ" ಎಂದೆ. ಎಲ್ಲರ ಎದುರು ಆ ಕಥೆ ಹೇಳಿದರೆ ನಗುತ್ತಾರೇನೋ, ದರ್ಪ ಇಳಿಯುತ್ತದೇನೋ ಎಂಬ ಅಳುಕು. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ನಾನು ನಿವೃತ್ತನಾಗುವ ತನಕ, ಇಪ್ಪತ್ತೈದು ವರ್ಷ ನಡೆಯಿತು. ಬಾಯಿ ಮತ್ತೆಂದೂ ಕೇಳಲಿಲ್ಲ. ನನ್ನ ಮದುವೆಗೆ ಬಂದು ಅಕ್ಷತೆ ಹಾಕಿದರು, ನಾನು ಬೇರೆ ಮನೆ ಮಾಡಿದಾಗ ಹಿಡಿಬಟ್ಟೆಯನ್ನು ನೆನಪಿಟ್ಟು ಕೊಟ್ಟರು, ಒಂದು ದಿನ ತೀರಿಕೊಂಡರು. ಮಾತು ಉಳಿಸಿಕೊಂಡೆನೆಂದೇ ನಂಬಿದ್ದರೋ, ಗೊತ್ತಿದ್ದೂ ಸುಮ್ಮನಿದ್ದರೋ ತಿಳಿಯದು. ಎರಡನೆಯದೇ ಇರಬೇಕು.

ಮಂಗಳವಾರ ಫೋನು ಮಾಡಿದವನು ಸಿದ್ರಾಮ, ಮಂದ್ರೂಪದವನು, ನನ್ನ ಪಾಳಿಯಲ್ಲಿ ಮಗ್ಗ ನಡೆಸುತ್ತಿದ್ದವ. ಹಳಬರೆಲ್ಲ ಸೇರುವ ಕಾರ್ಯಕ್ರಮವಿದೆಯಂತೆ. "ನೀವು ಬರೂದು ಪಕ್ಕಾರಿ. ಆ ಮೀಸಿ ಮತ್ತೊಮ್ಮೆ ಆಗಬೇಕು, ಸಾಹೇಬ್ರ."

ಅವತ್ತು ಶನಿವಾರ ಐತಿ ಎನ್ನಲು ಬಾಯಿ ತೆರೆದೆ. ಆ ಸುಳ್ಳು ಲೇಯಾಬಾಯಿಗೆ ಒಪ್ಪುತ್ತಿತ್ತು, ನನಗೆ ಅದರ ಮೇಲೆ ಹಕ್ಕಿಲ್ಲ. ಹಸಿ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಎಲ್ಲ ಹೇಳಿದೆ: ಬಾಕಿನ ಮೇಲಿನ ಡಾಕ್ಟರು, ಗೂಡ್ಸ್ ಡಬ್ಬಿ, ನೀಟಾಗಿ ಹೊಲಿದ ಮೂರು ಚಿಕ್ಕಿ. ನಾ ಬರ್ತೀನಿ, ಆದರೆ ಆ ಹೆಸರಿಲೆ ಕರೀಬ್ಯಾಡ ಎಂದೆ. ಸಿದ್ರಾಮ ನಗಲಿಲ್ಲ. ಇಷ್ಟು ವರ್ಷ ನಾನು ಅಂಜಿದ್ದು ಆ ನಗುವಿಗೆ.

"ಆತ್ರಿ, ಎಲ್ಲಾರಿಗೂ ಹೇಳತೀನಿ" ಎಂದ. ಆಮೇಲೆ ಸಂಕೋಚದಿಂದ ಕೇಳಿದ. "ಆದ್ರ ಸಾಹೇಬ್ರ, ಮತ್ತ ನಿಮ್ಮ ಹೆಸರು ಏನ್ರಿ?"

ಇಪ್ಪತ್ತೈದು ವರ್ಷ ಒಟ್ಟಿಗೆ ದುಡಿದವನಿಗೆ ನನ್ನ ಹೆಸರನ್ನು ಬಿಡಿಸಿ ಎರಡು ಸಲ ಹೇಳಿದೆ. ಸರಿಯಾಗಿ ಬಂತೋ ಇಲ್ಲವೋ ಎಂದು ಅವನು ಒಮ್ಮೆ ಕರೆದು ನೋಡಿದ.

ನಾನು "ಓ" ಎಂದೆ.